ಎಸೆಯುವ ಕುರ್ಚಿ

ಊರವರು ಪಾಕ್, ಅಂದರೆ ಯಜಮಾನರು, ಎಂದು ಕರೆಯುತ್ತಿದ್ದ ಕುಂಟೊರೊ ಅವರ ಬಸ್ಸುಗಳಲ್ಲಿ ಸೀಟು ಹರಿದರೆ ಹೊಲಿದುಕೊಡುತ್ತಿದ್ದವರು ವಾಗಿಯೆಮ್ ಮತ್ತು ಅವಳ ಸೊಸೆ ಪರ್ತಿನಿ. ಅತ್ತೆಯದು ಅಳತೆ, ಕತ್ತರಿ. ಸೊಸೆಯದು ಹೊಲಿಗೆ ಯಂತ್ರ. ಅವರಿಬ್ಬರಲ್ಲಿ ಜಗಳವಿಲ್ಲದ ದಿನವಿರಲಿಲ್ಲ, ಹಾಗಂತ ಕೆಲಸ ನಿಂತ ದಿನವೂ ಇರಲಿಲ್ಲ. ವಾಗಿಯೆಮ್‌ಳ ಮಗ, ಅಂದರೆ ಪರ್ತಿನಿಯ ಗಂಡ, ಕುಂಟೊರೊ ಅವರದೇ ಜಕಾರ್ತಾ ಬಸ್ಸು ಓಡಿಸುತ್ತಿದ್ದ. ಮನೆಗೆ ಬಂದರೆ ಉಂಡು ಮಲಗುವುದಷ್ಟೇ ಅವನ ಕೆಲಸ. ಹೀಗಾಗಿ ಮನೆಯಲ್ಲಿ ಮಾತಿಗೆ ಮಾತು ಕೊಡುವವರು ಈ ಇಬ್ಬರು ಹೆಂಗಸರು, ಮತ್ತೆ ಎರಡನೇ ಕ್ಲಾಸಿಗೆ ಹೋಗುವ ಮೊಮ್ಮಗಳು ಸೆಕಾರ್.

ಊರ ಹೊರಗೆ, ಹೆದ್ದಾರಿಯ ಮಗ್ಗುಲಲ್ಲಿ, ಕುಂಟೊರೊ ಅವರದೇ ಒಂದು ಊಟದ ಹೋಟೆಲಿತ್ತು. ಬಸ್ಸುಗಳು ಅಲ್ಲಿ ನಿಂತು ಮುಂದೆ ಹೋಗುತ್ತಿದ್ದವು. ಹೋಟೆಲಿನ ಅಂಗಳದಲ್ಲಿ ತಗಡಿನ ಚಪ್ಪರದಡಿ ಒಂದು ಹಳೆಯ ಯುದ್ಧವಿಮಾನ ನಿಂತಿತ್ತು. ಇಂಗ್ಲಿಷರು ರೂಪಿಸಿದ ವ್ಯಾಂಪೈರ್ ಅದು. ಹಿಂದಕ್ಕೆ ಚಾಚಿದ ಎರಡು ಬಾಲ. ಮುಂದೆ ಗುರುವಿಗೊಂದು ಶಿಷ್ಯನಿಗೊಂದು ಎಂಬಂತೆ ಅಕ್ಕಪಕ್ಕದಲ್ಲಿ ಎರಡು ಸೀಟು. ಮೂತಿಯೆಲ್ಲ ಮರದ್ದು. ನಮ್ಮ ದೇಶದ ಹುಡುಗರು ಜೆಟ್ ಹಾರಿಸಲು ಕಲಿತದ್ದೇ ಅಂಥವುಗಳಲ್ಲಿ. ಹಾರಾಟ ಮುಗಿದ ಮೇಲೆ ಅದು ಯಾವುದೋ ತಾಂತ್ರಿಕ ಶಾಲೆಯ ಹಿತ್ತಲು ಸೇರಿತ್ತು. ಶಾಲೆ ಮುಚ್ಚಿತು, ಗುಜರಿಯವನು ಎತ್ತಿಕೊಂಡ. ಕತ್ತರಿಸಿ ತೂಕಕ್ಕೆ ಹಾಕಬೇಕೆನ್ನುವಾಗ ಕುಂಟೊರೊ ಅವರ ಕಣ್ಣಿಗೆ ಬಿತ್ತು. ಅವರು ಅದಕ್ಕೆ ಬೆಳ್ಳಿಬಣ್ಣ ಬಳಿಸಿ, ರೆಕ್ಕೆಯ ಮೇಲೆ ನಮ್ಮ ಬಾವುಟದ ಕೆಂಪು ಬಿಳಿ ಗುರುತು ಬರೆಸಿ ನಿಲ್ಲಿಸಿದರು. ಪ್ರಯಾಣಿಕರು ಸೋತೊ ಸೂಪು ಕುಡಿದು ಬಾಯಿ ಒರೆಸಿಕೊಂಡು ಬಂದು ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಶಾಲೆಗೆ ರಜೆ ಹತ್ತಿರವಾಗುತ್ತಿತ್ತು. ಈ ಸಲ ಮಕ್ಕಳನ್ನು ವಿಮಾನದ ಒಳಗೇ ಕೂರಿಸಬೇಕು ಎಂದು ಕುಂಟೊರೊ ಅವರಿಗೆ ಆಸೆ. ಒಳಗಿನ ಸೀಟುಗಳಲ್ಲಿ ಇಲಿ ತಿಂದು ಉಳಿದ ನಾರು ಮಾತ್ರ ಇತ್ತು. ಅದಕ್ಕೇ ಹೊಸ ಮೆತ್ತೆ ಹೊಲಿಯಲು ಅತ್ತೆ ಸೊಸೆಯರಿಗೆ ಹೇಳಿಕಳಿಸಿದರು.

ಚಪ್ಪರದ ಕಾವಲಿಗಿದ್ದವನು ಗಿಮಿನ್. ಹಿಂದೆ ವಾಯುಪಡೆಯ ನೆಲೆಯಲ್ಲಿ ಲಾರಿ ಓಡಿಸುತ್ತಿದ್ದ. ಅವನು ಏಣಿ ತಂದು ಒರಗಿಸಿದ.

"ಹುಷಾರು ಬು," ಎಂದ ವಾಗಿಯೆಮ್‌ಗೆ, ಅಮ್ಮನವರೇ ಎಂಬಂತೆ. "ಈ ವಿಮಾನದ ಹೆಸರೇ ರಕ್ತ ಕುಡಿಯೋ ಭೂತ ಅಂತ."

"ನನ್ನ ಮೈಯಲ್ಲಿ ರಕ್ತ ಎಲ್ಲಿದೆ? ಅದನ್ನ ನನ್ನ ಮಗ, ಸೊಸೆ ಆಗ್ಲೇ ಕುಡಿದು ಮುಗಿಸಿದಾರೆ," ಎನ್ನುತ್ತ ವಾಗಿಯೆಮ್ ಏಣಿ ಹತ್ತಿದಳು.

"ನಿಮ್ಮ ರಕ್ತ ಕುಡಿದ್ರೆ ನಂಗೆ ಸಕ್ಕರೆ ಕಾಯಿಲೆ ಬರ್ತಿತ್ತು ಮಾಕ್," ಎಂದಳು ಪರ್ತಿನಿ ಕೆಳಗಿನಿಂದ. ಅತ್ತೆಯನ್ನು ಅವಳು ಕರೆಯುತ್ತಿದ್ದುದೇ ಹಾಗೆ.

ಎಡಗಡೆಯ ಸೀಟಿನ ಅಳತೆ ಸಲೀಸಾಗಿ ಮುಗಿಯಿತು. ಬಲಗಡೆಯದಕ್ಕೆ ಬೆನ್ನಿನ ಎತ್ತರ ನೋಡಬೇಕೆಂದು ವಾಗಿಯೆಮ್ ತಾನೇ ಅದರಲ್ಲಿ ಇಳಿದು ಕೂತಳು. ಗಿಡ್ಡ ಹೆಂಗಸು, ಕೂತರೆ ನೆತ್ತಿ ಮಾತ್ರ ಕಾಣುತ್ತಿತ್ತು. ಪರ್ತಿನಿ ಏಣಿಯ ಮೇಲೆ ನಿಂತು, ಒಳಗೆ ಬಾಗಿ, ಅತ್ತೆಯ ತಲೆಯ ಹಿಂದೆ ಟೇಪು ಹಿಡಿದಳು. ಸೀಟಿನ ಬೆನ್ನ ಹಿಂದೆ ದಪ್ಪ ಕಬ್ಬಿಣದ ಕೊಳವೆಯೊಂದು ನೆಟ್ಟಗೆ ಮೇಲೇರಿತ್ತು. ಅದರ ನೆತ್ತಿಗೆ ಹೆಬ್ಬೆರಳಗಲದ ಒಂದು ಉಕ್ಕಿನ ಬೆಣೆ ಸಿಕ್ಕಿಸಿತ್ತು. ಬಾಗಿಲ ಅಗಳಿಯಿರಬೇಕು ಎಂದುಕೊಂಡು ಪರ್ತಿನಿ ಅದನ್ನು ಅಷ್ಟಾಗಿ ನೋಡಲಿಲ್ಲ.

"ಬರ್ಕೊಂಡ್ಯಾ? ನನ್ನ ಮಂಡಿ ಹಿಡ್ಕೊಂಡಿತು," ಎಂದು ವಾಗಿಯೆಮ್ ಏಳಲು ಮುಂದಕ್ಕೆ ಬಾಗಿದಳು.

ಅವಳ ತಲೆವಸ್ತ್ರದ ಸೆರಗು ಯಾವಾಗಲೋ ಹಿಂದಕ್ಕೆ ಜಾರಿ ಆ ಬೆಣೆಗೆ ಸುತ್ತಿಕೊಂಡಿತ್ತು. ಬಾಗಿದ ರಭಸಕ್ಕೆ ಬಟ್ಟೆ ಬಿಗಿಯಿತು. ಟಕ್ ಎಂದು ಸದ್ದಾಯಿತು. ಬೆಣೆ ಅರ್ಧಕ್ಕೆ ಹೊರಬಂದಿತು.

"ಅಯ್ಯೋ, ಏನೋ ಮುರೀತು," ಎಂದು ಪರ್ತಿನಿ ಹೆಬ್ಬೆರಳಿನಿಂದ ಅದನ್ನು ಒಳಕ್ಕೆ ಒತ್ತಿದಳು. ಹೋಗಲಿಲ್ಲ. ಬದಲಿಗೆ ಅದೇ ಅವಳ ಬೆರಳನ್ನು ಹೊರಕ್ಕೆ ಒತ್ತಿತು. ಒಳಗೆ ಯಾವುದೋ ಸ್ಪ್ರಿಂಗು ಜೀವ ಹಿಡಿದುಕೊಂಡು ಕಾಯುತ್ತಿದ್ದಂತೆ.

ಕೆಳಗಿನಿಂದ ಕತ್ತೆತ್ತಿ ನೋಡಿದ ಗಿಮಿನ್ ಎರಡೂ ಕೈ ಎತ್ತಿ ಕೂಗಿದ.

"ಅಲ್ಲಾಡಬೇಡಿ! ಬು, ಅಲ್ಲಾಡಬೇಡಿ! ಪರ್ತಿನಿ, ಬೆರಳು ತೆಗೀಬೇಡ!"

"ಯಾಕೋ ಹಂಗೆ ಕಿರಚ್ತೀಯ?" ಎಂದಳು ವಾಗಿಯೆಮ್.

"ಅದು ಎಸೆಯೋ ಕುರ್ಚಿ ಬು! ವಿಮಾನ ಬೀಳುತ್ತೆ ಅನ್ನೋವಾಗ ಪೈಲಟ್‌ನನ್ನ ಕುರ್ಚಿ ಸಮೇತ ಮೇಲಕ್ಕೆ ಎಸೆಯುತ್ತೆ. ಆ ಕೊಳವೇಲಿ ತೋಟಾ ಇರುತ್ತೆ, ಮದ್ದಿನ ತೋಟಾ. ಬೆಣೆ ಪೂರಾ ಹೊರಗೆ ಬಂತೋ..." ಅವನು ಮಾತು ಮುಗಿಸದೆ ಮೇಲೆ ನೋಡಿದ. ಅವರೂ ನೋಡಿದರು. ಮೇಲೆ ತಗಡು, ತಗಡಿನ ಕೆಳಗೆ ಅಡ್ಡಡ್ಡ ಕಬ್ಬಿಣದ ತೊಲೆಗಳು.



"ಮದ್ದು ಇದೆ ಅಂತ ಈಗ ಹೇಳ್ತೀಯಾ?" ಎಂದಳು ವಾಗಿಯೆಮ್. "ಬೆಳಿಗ್ಗೆ ಕಾಫಿ ಕುಡೀತಾ ಕೂತಿದ್ಯಲ್ಲ, ಆಗ ಬಾಯಲ್ಲಿ ಕರಿದ ತೆಂಪೆ ತುರುಕ್ಕೊಂಡಿದ್ಯಾ?"

"ತೆಗೆದಿರ್ತಾರೆ ಅಂದ್ಕೊಂಡಿದ್ದೆ ಬು... ಪಾಕ್ ಕುಂಟೊರೊ ವಿಚಾರಿಸಿರ್ತಾರೆ ಅಂತ..."

ಗಿಮಿನ್ ಹಾಗಂದುಕೊಂಡಿದ್ದ. ಕುಂಟೊರೊ ಅವರು ಗುಜರಿಯವನು ನೋಡಿರುತ್ತಾನೆ ಅಂದುಕೊಂಡಿದ್ದರು. ಗುಜರಿಯವನು ಶಾಲೆಯವರ ತಲೆಯ ಮೇಲೆ ಹಾಕಿದ್ದ. ಇಷ್ಟು ವರ್ಷ ಎಲ್ಲರೂ ಒಬ್ಬರ ಬೆನ್ನ ಹಿಂದೊಬ್ಬರು ನಿಶ್ಚಿಂತೆಯಿಂದ ನಿಂತಿದ್ದರು. ಈಗ ಆ ಸಾಲಿನ ಕೊನೆಯಲ್ಲಿ ಪರ್ತಿನಿಯ ಒಂದು ಹೆಬ್ಬೆರಳಿತ್ತು.

"ಫೋನ್ ಮಾಡ್ತೀನಿ, ನೆಲೆಯವರನ್ನ ಕರೆಸ್ತೀನಿ," ಎಂದು ಗಿಮಿನ್ ಓಡಿದ. ಓಡಿದವನು ಹತ್ತಿರಕ್ಕೆ ಮತ್ತೆ ಬರಲಿಲ್ಲ. ಹೋಟೆಲಿನ ಗೋಡೆಯ ಹಿಂದೆ ನಿಂತು, ಬಸ್ಸಿನ ಹೊತ್ತು ಕೂಗಿ ಹೇಳುವ ಮೈಕಿನಲ್ಲೇ ಮಾತಾಡತೊಡಗಿದ. "ಬರ್ತಿದಾರೆ ಬು, ಅಲ್ಲಾಡಬೇಡಿ. ಸೀಟು ಅಲ್ಲಾಡಿದ್ರೆ ಬೆಣೆ ಜಾರುತ್ತೆ."

"ಊರಿಗೆಲ್ಲ ಸಾರ್ತಾನೆ ನೋಡು, ನನ್ನ ಸಾವನ್ನ, ಸುರಬಾಯ ಬಸ್ಸು ಬಂತು ಅನ್ನೋ ಹಂಗೆ," ಎಂದಳು ವಾಗಿಯೆಮ್.

ತಲೆವಸ್ತ್ರ ಬಿಚ್ಚಿಟ್ಟು ಮೆಲ್ಲಗೆ ಇಳಿದುಬಿಡಬಹುದೇ ಎಂದು ಪರ್ತಿನಿಗೆ ಹೊಳೆಯಿತು. ಅತ್ತೆ ಗದ್ದದ ಕೆಳಗಿನ ಪಿನ್ನಿಗೆ ಕೈ ಹಾಕಿದಳು. ಅಷ್ಟಕ್ಕೇ ಸೀಟು ಒಂದು ಕಡೆಗೆ ವಾಲಿತು. ಕೆಳಗಿನ ಮರ ಗೆದ್ದಲು ತಿಂದು ಹಪ್ಪಳವಾಗಿತ್ತು. ಬೆಣೆ ಪರ್ತಿನಿಯ ಬೆರಳಡಿಯಲ್ಲಿ ಕೂದಲೆಳೆಯಷ್ಟು ಸರಿಯಿತು.

"ಬೇಡ ಬೇಡ ಬೇಡ! ಕೈ ಇಳಿಸಿ ಮಾಕ್. ಮೆಲ್ಲಗೆ."

ವಾಗಿಯೆಮ್ ಕೈ ಇಳಿಸಿ ತೊಡೆಯ ಮೇಲಿಟ್ಟುಕೊಂಡಳು. ಅವಳಿಗೆ ತನ್ನ ಹಿಂದಿರುವುದು ಏನೂ ಕಾಣುತ್ತಿರಲಿಲ್ಲ. ಸೊಸೆಯ ಉಸಿರು ಮಾತ್ರ ಕಿವಿಯ ಹತ್ತಿರ ಕೇಳುತ್ತಿತ್ತು.

"ಎಷ್ಟು ಹೊರಗೆ ಬಂದಿದೆ?"

"ಸ್ವಲ್ಪ."

"ಸುಳ್ಳು ಹೇಳ್ಬೇಡ. ಅನ್ನ ಸೀದುಹೋದಾಗ್ಲೂ ನೀನು ಸ್ವಲ್ಪ ಅಂತಾನೇ ಹೇಳೋದು."

ಪರ್ತಿನಿಗೆ ನಗು ಬರಲಿಲ್ಲ. ಕೊಳವೆಯ ಬಾಯಿಗೆ ತನ್ನ ಮುಖ ಎಷ್ಟು ಹತ್ತಿರವಿದೆ ಎಂದು ಅವಳು ಆಗಲೇ ನೋಡಿಕೊಂಡಿದ್ದಳು. ಕುರ್ಚಿ ಹಾರಿದರೆ ಮೊದಲು ಹೋಗುವುದು ತನ್ನ ಕೈ, ಆಮೇಲೆ ಮುಖ. ಅದು ಆಗುವುದು ತನಗೆ ತಿಳಿಯುತ್ತದೋ ಇಲ್ಲವೋ ಎಂಬುದನ್ನೇ ಅವಳ ಮನಸ್ಸು ಮತ್ತೆ ಮತ್ತೆ ಕೇಳುತ್ತಿತ್ತು.

ಬಿಸಿಲು ಏರಿತು. ತಗಡು ಕಾದು ಟಿಣ್ ಟಿಣ್ ಎನ್ನತೊಡಗಿತು. ಪ್ರತಿ ಟಿಣ್‌ಗೂ ಇಬ್ಬರ ಮೈ ಸೆಟೆಯಿತು. ಪರ್ತಿನಿಯ ಹೆಬ್ಬೆರಳು ಬೆವರಿ ಉಕ್ಕಿನ ಮೇಲೆ ಜಾರುತ್ತಿತ್ತು. ಅವಳು ಇನ್ನೊಂದು ಕೈಯ ಬೆರಳನ್ನು ಅದರ ಮೇಲೆ ಹೇರಿದಳು. ಬಾಗಿ ನಿಂತ ಸೊಂಟದಲ್ಲಿ ಯಾರೋ ಮೊಳೆ ಹೊಡೆಯುತ್ತಿದ್ದಂತಿತ್ತು. ವಾಗಿಯೆಮ್ ತುಟಿಯಲ್ಲೇ ದೇವರ ಹೆಸರು ಹೇಳಿಕೊಳ್ಳುತ್ತಿದ್ದಳು, ನಡುವೆ ನಿಲ್ಲಿಸಿ, "ನಂಗೆ ಒಂದಕ್ಕೆ ಬರ್ತಿದೆ," ಎಂದಳು.

"ಮಾಡ್ಬಿಡಿ ಮಾಕ್. ಯಾರು ನೋಡ್ತಾರೆ."

"ಪಾಕ್ ಕುಂಟೊರೊ ವಿಮಾನದಲ್ಲಾ?"

"ಹಾಳಾಗ್ಲಿ ಅವರ ವಿಮಾನ."

ಆಗ ನೆಲ ಅದುರಿತು. ಜಕಾರ್ತಾ ಕಡೆಯ ಬಸ್ಸೊಂದು, ಏನೂ ತಿಳಿಯದೆ, ಎಂದಿನಂತೆ ಏಳು ಸ್ವರದ ಹಾರ್ನು ಬಾರಿಸುತ್ತ ಅಂಗಳಕ್ಕೆ ನುಗ್ಗಿತು. ವಿಮಾನದ ಮರದ ಮೂತಿ ತಂಬಟೆಯ ಹಾಗೆ ಗುಂಯ್ ಎಂದಿತು. ಬೆಣೆ ನಡುಗಿ ಹೊರಕ್ಕೆ ಒಂದು ಎಳೆ ಜಾರಿತು, ಮತ್ತೊಂದು ಎಳೆ ಜಾರಿತು.

"ನಿಲ್ಸೋ! ಬಸ್ಸು ನಿಲ್ಸೋ ಮುಂಡೇಮಗನೇ!" ಪರ್ತಿನಿ ಗಂಟಲು ಹರಿದುಹೋಗುವಂತೆ ಕಿರುಚಿದಳು. ಹಾಗೆ ಕಿರುಚಿದ್ದು ಅವಳ ಜೀವಮಾನದಲ್ಲೇ ಮೊದಲು. ಕುಂಟೊರೊ ಅವರು ಅಡುಗೆಮನೆಯಿಂದ ಬರಿಗಾಲಲ್ಲಿ ಓಡಿಬಂದು ಎರಡೂ ಕೈ ಅಗಲಿಸಿ ಬಸ್ಸಿನ ಮುಂದೆ ನಿಂತರು. ಎಂಜಿನ್ ಆಫಾಯಿತು. ಆಮೇಲೆ ಯಾರೋ ಹೆದ್ದಾರಿಗೇ ಅಡ್ಡಲಾಗಿ ಬೆಂಚು ಎಳೆದು ಲಾರಿಗಳನ್ನೂ ನಿಲ್ಲಿಸಿದರು. ಆ ರಸ್ತೆ ಅಷ್ಟು ಮೌನವಾಗಿದ್ದುದನ್ನು ಊರವರು ಕಂಡದ್ದೇ ಇಲ್ಲ. ಮೌನ ಇನ್ನೂ ಕೆಟ್ಟದಾಗಿತ್ತು. ಕೊಳವೆಯೊಳಗೆ ಸ್ಪ್ರಿಂಗು ಸಣ್ಣಗೆ ಕಿರ್ ಎನ್ನುವುದು ಈಗ ಕೇಳಿಸುತ್ತಿತ್ತು.

"ತಿನಿ," ಎಂದಳು ವಾಗಿಯೆಮ್ ಬಹಳ ಹೊತ್ತಿನ ಮೇಲೆ. ಈ ದನಿಯಲ್ಲಿ ಕುಹಕವಿರಲಿಲ್ಲ. "ಬಿಟ್ಟು ಇಳಿ."

"ಸುಮ್ನಿರಿ."

"ನಾನು ಹೇಳ್ತಿದೀನಿ. ಸೆಕಾರ್ ಶಾಲೆಯಿಂದ ಬರೋ ಹೊತ್ತು. ಇಬ್ಬರೂ ಹೋಗೋದು ಬೇಡ. ಏಣಿ ಇಳಿದು ಓಡು. ನಾನು ಕಣ್ಣು ಮುಚ್ಕೋತೀನಿ."

"ಬೆರಳು ತೆಗೆದ ಕೂಡ್ಲೇ ಹಾರುತ್ತೆ ಮಾಕ್. ಓಡೋಕೆ ಎಲ್ಲಿ ಹೊತ್ತಿದೆ?"

"ತಲೆ ತಗ್ಸಿ ಕೆಳಗೆ ಬಿದ್ಬಿಡು. ನಿಂಗೆ ಏನೂ ಆಗಲ್ಲ. ಹೋಗು ಗೆಂಡುಕ್."

ಮಗಳೇ ಎಂದ ಹಾಗೆ. ಆ ಮನೆಗೆ ಬಂದ ಮೇಲೆ ಪರ್ತಿನಿ ಆ ಮಾತನ್ನು ಅತ್ತೆಯ ಬಾಯಿಂದ ಕೇಳಿರಲಿಲ್ಲ.

ಅವಳು ಏಣಿಯ ಕಡೆ ನೋಡಿದಳು. ಕೈಯನ್ನು ಪಕ್ಕಕ್ಕೆ ಎಸೆದು ಹಿಂದಕ್ಕೆ ಬಿದ್ದರೆ ಕೆಳಗೆ ಮಣ್ಣು. ಬಿದ್ದರೆ ಕಾಲು ಮುರಿಯಬಹುದು, ಅಷ್ಟೇ. ಸೆಕಾರ್ ಗೇಟಿನ ಹತ್ತಿರ ನಿಂತು ಅಮ್ಮ ಯಾಕೆ ಬಂದಿಲ್ಲ ಎಂದು ನೋಡುತ್ತಿರುತ್ತಾಳೆ. ಅತ್ತೆಯೇ ಹೋಗು ಎಂದಿದ್ದಾಳೆ. ಯಾರೂ ಏನೂ ಅನ್ನಲಾರರು, ಗಂಡನೂ ಅನ್ನಲಾರ. ಯೋಚನೆ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲೇ ಅವಳ ಬೆರಳು ಸಡಿಲವಾಗಿತ್ತು. ಅವಳೇ ಸಡಿಲಿಸಿದಳೋ, ಅದಾಗಿಯೇ ಸಡಿಲವಾಯಿತೋ. ಬೆಣೆ ಮೆತ್ತಗೆ, ಬೆಣ್ಣೆಯಲ್ಲಿ ಚಾಕು ಸರಿದ ಹಾಗೆ, ಹೊರಕ್ಕೆ ಬರತೊಡಗಿತು. ಬಿಗಿದಿದ್ದ ತಲೆವಸ್ತ್ರ ಸ್ವಲ್ಪ ಜೋಲಿತು. ಮುಂದಿದ್ದ ಮುದಿ ಕತ್ತು ಒಳಕ್ಕೆ ಕುಗ್ಗಿತು, ಹೊಡೆತಕ್ಕೆ ಕಾಯುವ ನಾಯಿಯ ಕತ್ತಿನ ಹಾಗೆ.

ಪರ್ತಿನಿ ಒತ್ತಿದಳು. ಎರಡೂ ಹೆಬ್ಬೆರಳು ಸೇರಿಸಿ, ಹಲ್ಲು ಕಚ್ಚಿ, ಉಗುರಿನಡಿ ರಕ್ತ ಬರುವಂತೆ ಒತ್ತಿದಳು. ಪ್ರೀತಿಯಿಂದ ಒತ್ತಿದೆನೆಂದು ಅವಳು ಆಮೇಲೂ ಹೇಳಿಕೊಳ್ಳಲಿಲ್ಲ. ಕುರ್ಚಿ ಹಾರುವ ಆ ಸದ್ದನ್ನು ಕೇಳುವ ಧೈರ್ಯ ಅವಳಿಗಿರಲಿಲ್ಲ, ಅಷ್ಟೇ.

ಜೀಪಿನ ಸದ್ದು ಕೇಳುವವರೆಗೂ ಅವಳು ಹಾಗೇ ಒತ್ತಿಹಿಡಿದು ನಿಂತಿದ್ದಳು.

ನೆಲೆಯಿಂದ ಬಂದವನು ಕ್ಯಾಪ್ಟನ್ ಹೆರ್ವಿಂದೊ, ಅವನ ಜೊತೆ ಇಬ್ಬರು ಸಿಪಾಯಿಗಳು. ಜೀಪನ್ನು ದೂರದಲ್ಲೇ ನಿಲ್ಲಿಸಿ ನಡೆದುಬಂದರು. ಕ್ಯಾಪ್ಟನ್ ವಿಮಾನವನ್ನು ಮುಟ್ಟಲಿಲ್ಲ. ಹೋಟೆಲಿನ ಊಟದ ಮೇಜುಗಳನ್ನು ತರಿಸಿ, ಒಂದರ ಮೇಲೊಂದು ಜೋಡಿಸಿ, ವಿಮಾನಕ್ಕೆ ತಾಗದಂತೆ ಅಟ್ಟಣೆ ಕಟ್ಟಿಸಿ ಅದರ ಮೇಲೇರಿದ. ಕೊಳವೆಯನ್ನು ನೋಡಿದ. ಬೆಣೆಯನ್ನು ನೋಡಿದ.

"ಚೆನ್ನಾಗಿ ಹಿಡ್ಕೊಂಡಿದ್ದೀರಿ ಮ್ಬಾಕ್," ಎಂದ ಪರ್ತಿನಿಗೆ, ಅಕ್ಕ ಎಂದು ಕರೆದ ಹಾಗೆ. "ಇವತ್ತು ಮನೇಲಿ ಏನು ಅಡುಗೆ?"

ಪರ್ತಿನಿ ಅವನನ್ನು ಹುಚ್ಚನನ್ನು ನೋಡುವಂತೆ ನೋಡಿದಳು. ಉತ್ತರ ಕೊಟ್ಟವಳು ವಾಗಿಯೆಮ್. "ಹಲಸಿನ ಗುಡೆಗ್. ಇವಳು ಮಾಡಿದ್ದು. ಸಕ್ಕರೆ ಜಾಸ್ತಿ."

"ನಮ್ಮಮ್ಮಾನೂ ಹಂಗೇ ಮಾಡೋದು. ಹೆದರಿಕೆ ಆದಾಗ ನಾನು ಊಟದ ಮಾತಾಡ್ತೀನಿ ಬು, ತಪ್ಪು ತಿಳ್ಕೋಬೇಡಿ."

"ನಿಂಗೂ ಹೆದರಿಕೆನಾ ಮಗಾ?"

"ಆಗ್ದೆ ಇರುತ್ತಾ ಬು. ಇಷ್ಟು ಹಳೇದನ್ನ ನಾನು ಚಿತ್ರದಲ್ಲಿ ನೋಡಿದ್ದೆ, ಅಷ್ಟೇ. ಹಳೇ ಮದ್ದು ಮುದುಕರ ಹಾಗೆ. ಯಾವಾಗ ಸಿಟ್ಟು ಬರುತ್ತೆ ಹೇಳಕ್ಕಾಗಲ್ಲ."

ಬೆಣೆಯಲ್ಲಿ ಪಿನ್ನು ತೂರಿಸುವ ತೂತು ಕೊಳವೆಯ ತೂತಿಗೆ ಕೂಡುತ್ತಿರಲಿಲ್ಲ. ಅದನ್ನು ಹೊರಗಿನಿಂದ ಬಿಗಿಹಿಡಿಯಬೇಕಿತ್ತು. ಬಸ್ಸಿನ ಗ್ಯಾರೇಜಿನಿಂದ ಕ್ಲಾಂಪು ತರಿಸಿದರು. ಮೊದಲನೆಯದರ ಬಾಯಿ ದೊಡ್ಡದು. ಹಾಕಿ ತಿರುಗಿಸುತ್ತಿದ್ದಂತೆ ಜಾರಿ ಕೊಳವೆಗೆ ಠಣ್ ಎಂದು ಬಡಿಯಿತು. ಅಂಗಳದಾಚೆ ನಿಂತಿದ್ದ ಜನ ಒಟ್ಟಿಗೆ ನೆಲಕ್ಕೆ ಕುಕ್ಕರಿಸಿದರು. ಕ್ಯಾಪ್ಟನ್ ಕಣ್ಣು ಮುಚ್ಚಿ ನಿಂತ. ತೆರೆದ. ಮೂವರೂ ಇದ್ದರು.

"ಸಣ್ಣದು ಕೊಡಿ," ಎಂದ. "ಗುಡೆಗ್‌ಗೆ ಮೊಟ್ಟೆ ಹಾಕ್ತೀರಾ ಬು?"

"ಹಾಕ್ತೀವಪ್ಪಾ, ಹಾಕ್ತೀವಿ. ನೀನು ಬೇಗ ತಿರುಗಿಸು."

ಸಣ್ಣ ಕ್ಲಾಂಪು ಕಚ್ಚಿಕೊಂಡಿತು. ಅವನು ಅದನ್ನು ಕಾಲು ಸುತ್ತು, ಮತ್ತೆ ಕಾಲು ಸುತ್ತು ಬಿಗಿದ. ತಂತಿ ಸುತ್ತಿದ. "ಈಗ ಬೆರಳು ತೆಗೀರಿ ಮ್ಬಾಕ್," ಎಂದ.

ಪರ್ತಿನಿಗೆ ತೆಗೆಯಲಾಗಲಿಲ್ಲ. ತೆಗೆಯಬೇಕೆಂದುಕೊಂಡಳು, ಬೆರಳು ಕೇಳಲಿಲ್ಲ. ಕ್ಯಾಪ್ಟನ್ ಅವಳ ಎರಡೂ ಹೆಬ್ಬೆರಳನ್ನು ಒಂದೊಂದಾಗಿ, ನಿದ್ದೆಹೋದ ಮಗುವಿನ ಮುಷ್ಟಿ ಬಿಡಿಸುವಂತೆ, ಬಿಡಿಸಿದ. ಬೆಣೆ ಅಲ್ಲಾಡಲಿಲ್ಲ. ಅವನು ಕತ್ತರಿಯಿಂದ ತಲೆವಸ್ತ್ರ ಕತ್ತರಿಸಿದ. ವಾಗಿಯೆಮ್‌ಳ ಬೋಳಾದ ನೆತ್ತಿಯೂ ನರೆತ ಜಡೆಯೂ ಹೊರಗೆ ಕಂಡವು. ಸಿಪಾಯಿಗಳು ಮುಖ ತಿರುಗಿಸಿದರು. ಪರ್ತಿನಿ ತನ್ನ ಸೊಂಟದ ಏಪ್ರನ್ನು ಬಿಚ್ಚಿ, ಮರಗಟ್ಟಿದ ಕೈಗಳಿಂದಲೇ, ಅತ್ತೆಯ ತಲೆಗೆ ಹೊದಿಸಿದಳು.

ವಾಗಿಯೆಮ್‌ಳನ್ನು ಮಗುವಿನಂತೆ ಎತ್ತಿ ಇಳಿಸಬೇಕಾಯಿತು. ಹಿಂದೆ ಲಂಗ ಒದ್ದೆಯಾಗಿತ್ತು. ಯಾರೂ ನೋಡಿದಂತೆ ತೋರಿಸಿಕೊಳ್ಳಲಿಲ್ಲ.

ಅವರನ್ನು ಹೋಟೆಲಿನ ಹಿಂಬದಿಯ ಕೋಣೆಯಲ್ಲಿ ಕೂರಿಸಿ ಸಿಹಿ ಟೀ ಕೊಟ್ಟರು. ಅಷ್ಟರಲ್ಲಿ ಎಡಗಡೆಯ ಸೀಟಿನ ಕೊಳವೆಯನ್ನು ಬಿಚ್ಚಿ ನೋಡಿ, ಅದು ಖಾಲಿ ಎಂದು ಒಬ್ಬ ಸಿಪಾಯಿ ಬಂದು ಹೇಳಿದ. ಬಲಗಡೆಯದನ್ನು ಬಿಚ್ಚಿದವನು ಕ್ಯಾಪ್ಟನ್ ಒಬ್ಬನೇ. ಒಳಗಿದ್ದುದನ್ನು ಮರಳು ತುಂಬಿದ ಬಕೆಟ್ಟಿನಲ್ಲಿ ಹುದುಗಿಸಿ, ಎರಡೂ ಕೈಯಲ್ಲಿ ಎದೆಯಿಂದ ದೂರ ಹಿಡಿದು, ಬತ್ತಿದ ಹೊಳೆಯ ಕಡೆ ನಡೆದುಹೋದ. ಅವನ ಹಿಂದೆ ಯಾರೂ ಹೋಗಲಿಲ್ಲ.

"ನೋಡ್ತಿರು, ಅದೂ ಖಾಲಿನೇ," ಎಂದಳು ವಾಗಿಯೆಮ್, ಟೀ ಲೋಟ ತುಟಿಗಿಟ್ಟುಕೊಂಡು. "ಊರೆಲ್ಲ ನನ್ನ ನೋಡಿ ನಗುತ್ತೆ, ಖಾಲಿ ಡಬ್ಬಿಗೆ ಹೆದರಿ ಉಚ್ಚೆ ಹೊಯ್ಕೊಂಡ್ಲು ಅಂತ."

ಹೊಳೆಯ ಕಡೆಯಿಂದ ಧಂ ಎಂದು ಸದ್ದು ಬಂತು. ಕಿಟಕಿಯ ಗಾಜು ಅದುರಿತು. ಲೋಟ ಅವಳ ಕೈಯಿಂದ ಜಾರಿ ನೆಲದಲ್ಲಿ ಒಡೆಯಿತು.

ತೋಟಾ ಸಿಡಿಸಿದ ಕ್ಯಾಪ್ಟನ್ ಬರಿಗೈಯಲ್ಲಿ ಹೊಳೆಯಿಂದ ವಾಪಸಾದ. ಅದನ್ನು ನೋಡಿ ಕುಂಟೊರೊ ಅವರು ಒಳಗೆ ಬಂದರು. ಕಾವಲಿನವನ ಕಣ್ಣು ತಪ್ಪಿಸಿ ಆ ಸೀಟಿಗೆ ಹತ್ತಿ ಕೂತ ಮಕ್ಕಳೆಷ್ಟೋ; ಅವರದೇ ಮೊಮ್ಮಕ್ಕಳೂ ಅದರಲ್ಲಿದ್ದರು. ಅವರು ಪರ್ತಿನಿಯ ಮುಂದೆ ನಿಂತು ಏನೋ ಹೇಳಲು ಹೋಗಿ, ಆಗದೆ, ಅವಳ ಊದಿದ ಬೆರಳುಗಳನ್ನು ನೋಡಿ ಅತ್ತುಬಿಟ್ಟರು. ಹೊರಗಿದ್ದ ಜನ ಅವಳನ್ನು ಹುಲಿಯಂಥ ಹೆಂಗಸು ಎಂದರು. ಅತ್ತೆಗಾಗಿ ಜೀವ ಒತ್ತೆಯಿಟ್ಟ ಸೊಸೆ ಎಂದರು. ಯಾರೋ ಫೋಟೊಗೆ ಕರೆದರು. ಪರ್ತಿನಿ ತಲೆಯೆತ್ತಲಿಲ್ಲ.

ಮನೆಗೆ ಹೊರಟಾಗ ಬೈಕಿನ ಹಿಡಿಕೆ ಅವಳ ಕೈಗೆ ನಿಲ್ಲುತ್ತಿರಲಿಲ್ಲ. ಹೆಬ್ಬೆರಳಿಗೆ ಸ್ಪರ್ಶವೇ ಇರಲಿಲ್ಲ. ಮೆಲ್ಲಗೆ, ರಸ್ತೆಯ ಅಂಚಿನಲ್ಲಿ ಓಡಿಸಿದಳು. ವಾಗಿಯೆಮ್ ಹಿಂದೆ ಕೂತು ಅವಳ ಸೊಂಟ ಬಿಗಿಯಾಗಿ ಹಿಡಿದಿದ್ದಳು. ಕಬ್ಬಿನ ಗದ್ದೆಗಳು ಕಳೆದವು, ಸಕ್ಕರೆ ಕಾರ್ಖಾನೆಯ ಗೋಡೆಯೂ ಕಳೆಯಿತು.

"ನಾನು ಹೋಗು ಅಂದೆನಲ್ಲ," ಎಂದಳು ವಾಗಿಯೆಮ್ ಕಿವಿಯ ಹತ್ತಿರ. "ಆಗ ನಿನ್ನ ಕೈ ಸಡಿಲ ಆಯ್ತು."

ಪರ್ತಿನಿಗೆ ರಸ್ತೆ ಮಂಜಾಯಿತು. ಸುಳ್ಳು ಹೇಳಬಹುದಿತ್ತು.

"ಹೂಂ ಮಾಕ್. ಆಯ್ತು."

"ನಂಗೆ ಗೊತ್ತಾಯ್ತು. ಬಟ್ಟೆ ಜೋಲ್ತು."

ಒಂದು ಲಾರಿ ಹಾರ್ನು ಹೊಡೆಯುತ್ತ ದಾಟಿಹೋಯಿತು. ಇಬ್ಬರೂ ಬೆಚ್ಚಿದರು. ಬೈಕು ಓಲಾಡಿತು, ಪರ್ತಿನಿ ಕಾಲು ಊರಿ ನಿಲ್ಲಿಸಿದಳು. ಅವಳು ಅಳುತ್ತಿದ್ದಳು. ವಾಗಿಯೆಮ್ ಇಳಿಯಲಿಲ್ಲ, ಸಮಾಧಾನ ಹೇಳಲಿಲ್ಲ, ಸೊಂಟದ ಹಿಡಿತವನ್ನೂ ಬಿಡಲಿಲ್ಲ.

"ನಾನಾಗಿದ್ರೆ," ಎಂದಳು ಕೊನೆಗೆ, "ಓಡಿಹೋಗ್ತಿದ್ದೆನೋ ಏನೋ. ಗೊತ್ತಿಲ್ಲ." ಆಮೇಲೆ ಸೊಸೆಯ ಸೊಂಟವನ್ನು ಮೆಲ್ಲಗೆ ತಿವಿದಳು. "ನಡಿ. ಸೆಕಾರ್ ಕಾಯ್ತಿರ್ತಾಳೆ. ಪೆಟ್ರೋಲ್ ಇದೆಯೋ ಇಲ್ವೋ ನೋಡ್ಕೋ ಮೊದ್ಲು."

ಪರ್ತಿನಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಬೈಕಿನ ಕಿಕ್ಕರ್ ಒದ್ದಳು. ಮೊದಲ ಒದೆತಕ್ಕೆ ಅದು ಸ್ಟಾರ್ಟ್ ಆಗಲಿಲ್ಲ.